ಭಟ್ಟಿಯ ನೆತ್ತಿಯ ಮೇಲೆ ಬರಿಗಾಲು

ಮನುಷ್ಯನಿಗೆ ಒಂದಿಲ್ಲೊಂದು ಚಟ ಇರಲೇಬೇಕು. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಪಕ್ಕದ ಮನೆಯವರ ಪತ್ರಿಕೆಯನ್ನು ಅವರಿಗಿಂತ ಮೊದಲು ಓದಿ, ಮಡಿಕೆ ಕೆಡದಂತೆ ಅದೇ ಜಾಗದಲ್ಲಿ ಇಟ್ಟು ಬರುವುದು. ನನ್ನ ಚಟ ಇವೆಲ್ಲಕ್ಕಿಂತ ಅಗ್ಗದ್ದು. ಆದರೆ ಮನೆಯವರ ಮರ್ಯಾದೆ ಕಳೆಯುವುದರಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ನಾನು ಯಾವ ಹೊಸ ನೆಲದ ಮೇಲೂ ಒಮ್ಮೆಲೇ ಪೂರ್ತಿ ಕಾಲಿಡುವುದಿಲ್ಲ. ಮೊದಲು ಬಲಗಾಲಿನ ಹೆಬ್ಬೆರಳಿನಿಂದ ಒಂದು ಸಲ ಒತ್ತಿ ನೋಡುತ್ತೇನೆ. ಬಿಸಿ ಇಲ್ಲ, ಕುಸಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಉಳಿದ ಕಾಲು, ಅದರ ಹಿಂದೆ ಉಳಿದ ನಾನು. ಇದನ್ನು ನಾನು ಬೇಕೆಂದು ಮಾಡುವುದಿಲ್ಲ. ಕಾಲು ತಾನಾಗಿ ಮಾಡುತ್ತದೆ. ತಡೆಯಲು ಹೋದರೆ ಬೆನ್ನಲ್ಲಿ ಬೆವರು ಇಳಿಯುತ್ತದೆ.

ರಾಯಚೂರಿನಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರು ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಹೊಸ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ಹೆಬ್ಬೆರಳಿನಿಂದ ಒತ್ತಿದೆ. ಮನೆಯ ಯಜಮಾನರ ಮುಖ ಇಳಿಯಿತು. "ಯಾಕ್ರೀ, ನೆಲ ಬರೋಬ್ಬರಿ ಕೂತಿಲ್ಲೇನು?" ಎಂದರು. ನಾನು ಗಾಬರಿಯಲ್ಲಿ, "ಇಲ್ಲ ಇಲ್ಲ, ಗಟ್ಟಿ ಅದ, ಗಟ್ಟಿ ಅದ" ಎಂದು ಎರಡು ಸಲ ಹೇಳಿದೆ. ಒಂದು ಸಲ ಹೇಳಿದ್ದರೆ ನಂಬುತ್ತಿದ್ದರೇನೋ. ಇಟ್ಟಿಗೆಯ ಕೆಲಸದಲ್ಲಿ ಇರುವ ಮನುಷ್ಯ ಎರಡು ಸಲ ಹೇಳಿದನೆಂದರೆ ಏನೋ ಇರಬೇಕೆಂದು, ಅವರು ಪೂಜೆಯ ನಡುವೆಯೇ ಗೌಂಡಿಯನ್ನು ಕರೆಸಿ ಮೂಲೆಮೂಲೆಯ ಕಲ್ಲು ಬಡಿಸಿ ನೋಡಿದರು. ಊಟದ ಎಲೆ ಬೀಳುವಾಗ ಮೂರು ಗಂಟೆ. ಹಸಿದ ಜನ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಂದಿನಿಂದ ನನ್ನ ಹೆಂಡತಿ ಸುಮಿತ್ರಾ ಎಲ್ಲಿಗೆ ಹೋದರೂ ಬಾಗಿಲಲ್ಲೇ ಹೇಳಿಬಿಡುತ್ತಾಳೆ: "ಮಂದಿಗಿ ದೆವ್ವ ಬಡಕೊಂಡಂಗ ನಮ್ಮವರಿಗಿ ಭಟ್ಟಿ ಬಡಕೊಂಡದ. ಮನಸಿಗಿ ಹಚ್ಚಿಕೋಬ್ಯಾಡ್ರಿ."

ಆ ಭಟ್ಟಿಯ ಕಥೆಯನ್ನು ಹೇಳಿಬಿಡುತ್ತೇನೆ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನಾನು ಇದುವರೆಗೆ ಹತ್ತಾರು ಸಲ ಹೇಳಿದ್ದೇನೆ, ಹಗುರಾಗಿಲ್ಲ. ಆದರೂ ಪ್ರಯತ್ನ ಬಿಡಬಾರದು.

ನಮ್ಮದು ಗುಡಿಯ ಪೂಜೆ ಮತ್ತು ಮಾಸ್ತರಿಕೆ ಎರಡನ್ನು ಬಿಟ್ಟು ಮೂರನೆಯ ಉದ್ಯೋಗ ಅರಿಯದ ಮನೆತನ. ನಾನು ಬಿ.ಎಸ್ಸಿ. ಮಾಡಿದೆ, ರಸಾಯನಶಾಸ್ತ್ರದಲ್ಲಿ. ಬ್ಯಾಂಕಿನವರು ಕರೆಯಲಿಲ್ಲ, ಶಾಲೆಯವರೂ ಕರೆಯಲಿಲ್ಲ. ಕರೆದವರು ಮಾನ್ವಿಯ ಅಮರಪ್ಪ ಸಾಹುಕಾರರು ಒಬ್ಬರೇ. ಬಾಗಲವಾಡಕ್ಕೆ ಹೋಗುವ ಗಾಡಿದಾರಿಯ ಪಕ್ಕ ಅವರದೊಂದು ಇಟ್ಟಿಗೆ ಭಟ್ಟಿ ಇತ್ತು. ಅದಕ್ಕೆ ಮ್ಯಾನೇಜರ್ ಬೇಕಾಗಿದ್ದ. ಸುದ್ದಿ ಕೇಳಿ ನಮ್ಮ ತಂದೆ, "ಹೋಮಕುಂಡ ಬಿಟ್ಟು ಇಟ್ಟಂಗಿ ಭಟ್ಟಿ ಕಾಯಲಿಕ್ಕೆ ಹೊಂಟೀಯಲ್ಲೋ" ಎಂದರು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡು, "ಇರಲಿ, ಎರಡರಾಗೂ ಇರೋದು ಅಗ್ನೀನೇ. ಹೋಗು" ಎಂದು ಆಶೀರ್ವಾದ ಮಾಡಿದರು. ಅಗ್ನಿಯ ವಿಷಯದಲ್ಲಿ ಅವರ ಮಾತು ಎಷ್ಟು ಸತ್ಯವೆಂಬುದು ನನ್ನ ಅಂಗಾಲಿಗೆ ತಿಳಿಯಲು ಮೂರು ವರ್ಷ ಹಿಡಿಯಿತು.

ಭಟ್ಟಿ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ಹಸಿ ಇಟ್ಟಿಗೆಗಳನ್ನು ಎರಡಾಳು ಎತ್ತರಕ್ಕೆ, ಒಂದು ಮನೆಯಷ್ಟು ಅಗಲಕ್ಕೆ ಒಟ್ಟುತ್ತಾರೆ. ಬುಡದಲ್ಲಿ ಒಲೆಯ ಬಾಯಿಯಂಥ ಸಾಲು ಬಾಯಿಗಳು. ಅವುಗಳಲ್ಲಿ ಕಟ್ಟಿಗೆ ತುಂಬಿ ಬೆಂಕಿ ಹಚ್ಚುತ್ತಾರೆ. ಸುತ್ತ ಮಣ್ಣು ಮೆತ್ತಿ, ಮೇಲೆ ಬೂದಿ ಮುಚ್ಚುತ್ತಾರೆ. ಐದಾರು ದಿನ ಒಳಗೇ ಬೇಯುತ್ತದೆ. ಬೆಂದಂತೆಲ್ಲ ಇಡೀ ರಾಶಿ ನಿಧಾನವಾಗಿ ಒಂದು ಗೇಣು ಕೆಳಗಿಳಿಯುತ್ತದೆ. ಅದಕ್ಕೆ 'ಭಟ್ಟಿ ಕುಂತಿತು' ಎನ್ನುತ್ತಾರೆ. ಸರಿಯಾಗಿ ಕುಂತಿತೋ ಇಲ್ಲವೋ ಎಂದು ಬೆಂಕಿ ಮೇಸ್ತ್ರಿ ಮೇಲೆ ಹತ್ತಿ, ಕಬ್ಬಿಣದ ಸಲಾಕೆಯಿಂದ ಅಲ್ಲಲ್ಲಿ ಚುಚ್ಚಿ ನೋಡುತ್ತಾನೆ. ಕೆಳಗೆ ಬೆಂಕಿ, ಮೇಲೆ ಮನುಷ್ಯ, ನಡುವೆ ನಂಬಿಕೆ.

ಈ ಭಟ್ಟಿಗೆ ಹಸಿವು ಬಹಳ. ಮೊದಲ ವರ್ಷ ಕಟ್ಟಿಗೆ ಬಾಗಲವಾಡದ ಹೊಲದ ಬದುಗಳಿಂದ ಬಂತು. ಮರುವರ್ಷ ಮಲ್ಲಟದ ಕಡೆಯಿಂದ. ಮೂರನೆಯ ವರ್ಷ ಕಟ್ಟಿಗೆಯ ಗಾಡಿಗಳು ದೇವದುರ್ಗದ ಆಚೆಯಿಂದ ಬರತೊಡಗಿದವು. ಮೊದಲು ಜಾಲಿ ಬರುತ್ತಿತ್ತು, ಆಮೇಲೆ ಬೇವು, ಆಮೇಲೆ ಕಾಯಿ ಬಿಡುವ ಮಾವೂ ಬಂತು. ನಮ್ಮಲ್ಲಿ ಇಟ್ಟಿಗೆ ಕೊಳ್ಳಲು ಬಂದವರು, "ಮನಿ ಮುಂದ ನೆರಳಿಗಿ ಒಂದು ಗಿಡ ಹಚ್ಚಬೇಕ್ರಿ" ಎಂದು ಕನಸು ಹೇಳುತ್ತಿದ್ದರು. ನೆರಳು ಕೊಡುವ ಗಿಡವನ್ನೇ ಸುಟ್ಟು ನಿಮ್ಮ ಗೋಡೆ ಮಾಡಿಕೊಡುತ್ತಿದ್ದೇವೆ ಎಂದು ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಮ್ಯಾನೇಜರ್ ಆದವನು ಎಲ್ಲ ನಿಜ ಹೇಳುತ್ತ ಕೂತರೆ ಇಟ್ಟಿಗೆ ಹೋಗುವುದಿಲ್ಲ.

ಭಟ್ಟಿಯ ಆವರಣದಲ್ಲಿ ಉಳಿದಿದ್ದು ಒಂದೇ ಮರ, ದೊಡ್ಡ ಹುಣಸೆಮರ. ರಾಯಚೂರು ಸೀಮೆಯ ಬಿಸಿಲನ್ನು ನಾನು ವರ್ಣಿಸುವುದಿಲ್ಲ. ಕಂಡವರಿಗೆ ಬೇಕಿಲ್ಲ, ಕಾಣದವರು ನಂಬುವುದಿಲ್ಲ. ಆ ಬಿಸಿಲಿನಲ್ಲಿ ಇಟ್ಟಿಗೆ ಹೊರುವ ಹೆಂಗಸರೆಲ್ಲ ತಮ್ಮ ಕೂಸುಗಳನ್ನು ಸೀರೆಯ ಜೋಳಿಗೆಯಲ್ಲಿ ಹಾಕಿ ಆ ಮರದ ಟೊಂಗೆಗಳಿಗೆ ತೂಗುಬಿಡುತ್ತಿದ್ದರು. ಕೆಂಪು, ಹಸಿರು, ಹಳದಿ ಜೋಳಿಗೆಗಳು. ಒಂದು ಕೂಸು ಅತ್ತರೆ, ತಲೆಯ ಮೇಲೆ ಹತ್ತು ಇಟ್ಟಿಗೆ ಹೊತ್ತ ತಾಯಿ ಅಷ್ಟು ದೂರದಿಂದಲೇ ಅದು ತನ್ನದು ಎಂದು ಗುರುತು ಹಿಡಿದು ನಿಲ್ಲುತ್ತಿದ್ದಳು. ಉಳಿದವರ ಹೆಜ್ಜೆ ತಪ್ಪುತ್ತಿರಲಿಲ್ಲ. ಅದೇ ನೆರಳಿನ ಒಂದು ಮೂಲೆಯಲ್ಲಿ ಕೂತು ನಾನು ಬುತ್ತಿ ಉಣ್ಣುತ್ತಿದ್ದೆ.

ಮೂರನೆಯ ವರ್ಷ ಒಂದು ದಿನ ಸಾಹುಕಾರರು ಮೋಟಾರ್ ಸೈಕಲ್ಲಿನಿಂದ ಇಳಿದವರು ಹುಣಸೆಮರವನ್ನು ಬುಡದಿಂದ ತುದಿಯವರೆಗೆ ನೋಡಿ, "ಈ ಸಲ ಇದನ್ನ ಹಾಕ್ರಿ. ದೇವದುರ್ಗದಿಂದ ತರೂದು ಯಾಕ, ಕಟ್ಟಿಗಿ ಬಾಗಲಾಗ ನಿಂತದ" ಎಂದರು.

ಇಟ್ಟಿಗೆ ಹೊರುವ ಹೆಂಗಸರ ಗುಂಪಿಗೆ ಹನುಮವ್ವ ಎಂಬಾಕೆ ಹಿರಿಯಳು. ಅವಳ ಮೊಮ್ಮಗಳು ಆಗ ಹಸಿರು ಜೋಳಿಗೆಯಲ್ಲಿ ಮಲಗಿದ್ದಳು. ಹನುಮವ್ವ ತಲೆಯ ಮೇಲಿನ ಹೊರೆ ಇಳಿಸದೆಯೇ ಕೇಳಿದಳು: "ಹಂಗಾದ್ರ ಕೂಸುಗಳನ್ನ ನಿಮ್ಮ ಕೊರಳಿಗಿ ಕಟ್ಟೂದೇನ್ರೀ, ಸಾಹುಕಾರ್ರ?"

ಎಲ್ಲರೂ ನಕ್ಕರು, ಸಾಹುಕಾರರೂ ನಕ್ಕರು. ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಆಗ ನನ್ನ ಬಾಯಿ ತೆರೆಯಿತು. ನನ್ನ ಬಾಯಿ ಹೀಗೆ ನನ್ನನ್ನು ಕೇಳದೆ ತೆರೆಯುವುದು ಅಪರೂಪ, ತೆರೆದಾಗಲೆಲ್ಲ ನಷ್ಟ ಕಾಲಿಗೆ.

"ಸಾಹುಕಾರ್ರ, ಒಂದು ಭಟ್ಟಿ ನನಗ ಬಿಡ್ರಿ. ಭತ್ತದ ಹೊಟ್ಟಿನ್ಯಾಗ ಸುಟ್ಟು ತೋರಸ್ತೀನಿ."

ಈ ಹೊಟ್ಟಿನ ವಿಚಾರ ನನ್ನ ತಲೆಗೆ ಬಂದದ್ದು ಕಣ್ಣಿನ ಮೂಲಕ. ಜ್ಞಾನೋದಯ ಮರದ ಕೆಳಗೆ ಆಗುತ್ತದೆ ಎಂದು ಕೇಳಿದ್ದೇನೆ. ನನಗೆ ಬಸ್ಸಿನ ಕಿಟಕಿಯಲ್ಲಿ ಆಯಿತು. ಕಾಲುವೆ ನೀರು ಬಂದ ಮೇಲೆ ಮಾನ್ವಿಯ ಸುತ್ತ ಅಕ್ಕಿ ಗಿರಣಿಗಳಾಗಿ, ರಸ್ತೆಯ ಬದಿಗೆ ಹೊಟ್ಟಿನ ಗುಡ್ಡಗಳು ಎದ್ದಿದ್ದವು. ಗಾಳಿ ಬೀಸಿದರೆ ಬಸ್ಸಿನವರ ಕಣ್ಣೆಲ್ಲ ಹೊಟ್ಟು. ಗಿರಣಿಯವರು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಬಯಲಲ್ಲೇ ಬೆಂಕಿ ಹಚ್ಚುತ್ತಿದ್ದರು. ಒಂದು ಕಡೆ ಸುಡಲು ಏನೂ ಸಿಗದೆ ಮಾವಿನಮರ ಕಡಿಯುತ್ತಿದ್ದೇವೆ, ಇನ್ನೊಂದು ಕಡೆ ಸುಡುವ ವಸ್ತು ಜಾಸ್ತಿಯಾಗಿ ಸುಮ್ಮನೆ ಸುಡುತ್ತಿದ್ದಾರೆ. ಕಣ್ಣುಜ್ಜಿಕೊಳ್ಳುತ್ತ ಕೂತಿದ್ದ ನನಗೆ ಇದು ಹೊಳೆದಿತ್ತು. ಹೊಳೆದದ್ದನ್ನು ಯಾರಿಗೂ ಹೇಳದೆ ಒಳಗಿಟ್ಟುಕೊಂಡಿದ್ದೆ.

"ಬೇಯಲಿಲ್ಲಂದ್ರ?" ಎಂದರು ಸಾಹುಕಾರರು.

"ಬೇಯಲಿಲ್ಲಂದ್ರ ಗಿಡ ನಿಮ್ಮದು."

"ಗಿಡ ಈಗೂ ನಂದ ಅದ ರೀ" ಎಂದರು ಅವರು. ಆದರೂ ಒಪ್ಪಿದರು. ಹೊಟ್ಟನ್ನು ಗಿರಣಿಯವರು ಹೊತ್ತುಕೊಂಡು ಹೋಗಿ ಎಂದು ಕೈಮುಗಿಯುತ್ತಿದ್ದರಲ್ಲ!

ಇನ್ನು ಹುಸೇನಪ್ಪನ ಬಗ್ಗೆ ಹೇಳಬೇಕು. ಅವನು ನಮ್ಮ ಬೆಂಕಿ ಮೇಸ್ತ್ರಿ, ದೇವದುರ್ಗದವನು. ಅಜ್ಜನ ಕಾಲದಿಂದ ಇದೇ ಕಸುಬು. ಯುಗಾದಿಗೆ ಬೇವು ತಿನ್ನುತ್ತಿದ್ದ, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಹಾಕುತ್ತಿದ್ದ. ಭಟ್ಟಿ ಹತ್ತುವಾಗ ದಪ್ಪ ಕಟ್ಟಿಗೆಯ ಪಾದುಕೆ ಮೆಟ್ಟುತ್ತಿದ್ದ. ನಮ್ಮ ಮನೆಯಲ್ಲಿ ಕಟ್ಟಿಗೆಯ ಪಾದುಕೆ ದೇವರ ಕೋಣೆಯಲ್ಲಿದೆ, ದಿನಾ ಅದಕ್ಕೆ ಗಂಧ ಹಚ್ಚುತ್ತೇವೆ. ಅದನ್ನು ಮೆಟ್ಟಿ ಒಬ್ಬ ಮನುಷ್ಯ ಬೆಂಕಿಯ ಮೇಲೆ ಓಡಾಡುವುದನ್ನು ಮೊದಲ ಸಲ ಕಂಡಾಗ ನಾನು ಅರಿವಿಲ್ಲದೆ ಕೈಮುಗಿದಿದ್ದೆ. ಹುಸೇನಪ್ಪ, "ನಮಸ್ಕಾರ್ರಿ ಸಾಹೇಬ್ರ" ಎಂದು ತಿರುಗಿ ಮುಗಿದಿದ್ದ.

ಹಸಿ ಇಟ್ಟಿಗೆ ಒಟ್ಟುವಾಗ ಸಾಲುಗಳ ನಡುವೆ ಹೊಟ್ಟಿನ ಪದರ ಹಾಕುವುದು ನನ್ನ ಯೋಜನೆ. ಎಷ್ಟು ದಪ್ಪ ಎಂಬುದರಲ್ಲಿ ಜಗಳ ಬಂತು.

"ನಾಕು ಬೊಟ್ಟು ಸಾಕ್ರಿ" ಎಂದ ಹುಸೇನಪ್ಪ. "ಹೊಟ್ಟು ಬೆಂಕಿ ಹತ್ತಿದ ಮ್ಯಾಲ ಇಲ್ಲದಂಗ ಆಗಿಬಿಡ್ತದ. ಅದು ಇದ್ದ ಜಾಗ ಖಾಲಿ ಬಿದ್ರ ಮ್ಯಾಲಿನ ಇಟ್ಟಂಗಿ ಎಲ್ಲಿ ನಿಂದರಬೇಕು?"

ನಾನು ಕಾಗದ ತೆಗೆದೆ. ಕಟ್ಟಿಗೆಯಿಂದ ಹುಟ್ಟುವ ಶಾಖ ಇಷ್ಟು, ಹೊಟ್ಟಿನಿಂದ ಇಷ್ಟು, ಹಾಗಾದರೆ ಪದರ ಒಂದು ಗೇಣು ಇರಲೇಬೇಕು ಎಂದು ತೋರಿಸಿದೆ. ನನ್ನ ಲೆಕ್ಕದಲ್ಲಿ ಶಾಖ ಇತ್ತು, ತೂಕ ಇತ್ತು. ಖಾಲಿ ಜಾಗ ಇರಲಿಲ್ಲ. ಕಾಲೇಜಿನಲ್ಲಿ ಖಾಲಿ ಜಾಗಕ್ಕೆ ಯಾರೂ ಅಂಕ ಕೊಡುತ್ತಿರಲಿಲ್ಲ. ಹುಸೇನಪ್ಪ ಕಾಗದ ನೋಡಿದ, ನನ್ನ ಮುಖ ನೋಡಿದ. "ಓದಿದವ್ರು ನೀವು" ಎಂದು ಸುಮ್ಮನಾದ. ಗೇಣಿನ ಲೆಕ್ಕದಲ್ಲೇ ಭಟ್ಟಿ ಎದ್ದಿತು. ಒಂದು ಮೂಲೆಗೆ ಹೊಟ್ಟು ಸಾಲದೆ ಬಂದು ಅಲ್ಲಿ ಮಾತ್ರ ತೆಳ್ಳಗೆ, ನಾಲ್ಕು ಬೊಟ್ಟಿನಷ್ಟು ಹಾಕಿದರು. ಅದಕ್ಕೂ ನಾನು ಗೊಣಗಿದೆ.

ಬೆಂಕಿ ಹಚ್ಚುವ ಮೊದಲು ಭಟ್ಟಿಯ ನೆತ್ತಿಯ ನಟ್ಟನಡುವೆ ಮೂರು ಇಟ್ಟಿಗೆ ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ, ಬೇವಿನ ಸೊಪ್ಪು ಏರಿಸಿ, ಕಾಯಿ ಒಡೆಯುತ್ತಾರೆ. ಅವಳು ಭಟ್ಟೆವ್ವ. ಭಟ್ಟಿ ಬೆಂದು ಬಿಚ್ಚುವವರೆಗೂ ಅವಳು ಅಲ್ಲೇ ಕೂತಿರಬೇಕು.

ಐದನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹುಸೇನಪ್ಪ ಸಲಾಕೆ ಹಿಡಿದು ಏಣಿ ಹತ್ತಿದ. ನನಗೆ ತಡೆಯಲಾಗಲಿಲ್ಲ. ನನ್ನ ಲೆಕ್ಕ ಬೆಂದಿತೋ ಇಲ್ಲವೋ ಕಣ್ಣಾರೆ ನೋಡಬೇಕಿತ್ತು. ಅವನ ಹಿಂದೆ ನಾನೂ ಹತ್ತಿದೆ. ಏಣಿಯ ತುದಿಗೆ ಬಂದು ನೋಡಿದರೆ ಎದುರಿಗೇ ಭಟ್ಟೆವ್ವ, ಮೈತುಂಬ ಅರಿಸಿನ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಕುಂಕುಮ ಕಂಡ ಕೂಡಲೇ ಚಪ್ಪಲಿ ಕಳಚುವುದು ಕಣ್ಣು ಮಿಟುಕಿಸಿದಷ್ಟು ಸಹಜ. ರಸಾಯನಶಾಸ್ತ್ರದ ಪದವೀಧರ, ಕೆಳಗೆ ಐದು ದಿನದ ಬೆಂಕಿ ಉರಿಯುತ್ತಿದೆ ಎಂದು ಚೆನ್ನಾಗಿ ಬಲ್ಲವನು, ಚಪ್ಪಲಿಯನ್ನು ಏಣಿಯ ಮೆಟ್ಟಿಲ ಮೇಲೆ ಜೋಡಿಸಿಟ್ಟು ಬರಿಗಾಲಲ್ಲಿ ಭಟ್ಟಿಯ ನೆತ್ತಿಯ ಮೇಲೆ ಕಾಲಿಟ್ಟೆ.

ಮೊದಲ ಹೆಜ್ಜೆಗೆ ಏನೂ ಆಗಲಿಲ್ಲ. ಎರಡನೆಯ ಹೆಜ್ಜೆಯಲ್ಲಿ ಬೂದಿ ಸರಿಯಿತು. "ಶ್ರೀಹರೀ!" ಎಂದು ಕಿರುಚಿದೆ. ಬಲಗಾಲು ಎತ್ತಿದರೆ ಎಡಗಾಲು ಸುಡುತ್ತದೆ, ಎಡಗಾಲು ಎತ್ತಿದರೆ ಬಲಗಾಲು. ಕೆಳಗಿನವರಿಗೆ ನಾನು ಕಂಡದ್ದು ಕೈ ಮೇಲೆತ್ತಿ ಕುಣಿಯುವವನ ಹಾಗೆ. ಹುಸೇನಪ್ಪ ನಡುವೆ ಭಟ್ಟೆವ್ವನ ಪಕ್ಕದಲ್ಲಿ ಸಲಾಕೆ ಊರಿ ನಿಂತಿದ್ದ. "ಏ ಸಾಹೇಬ್ರ, ಬೀಳ್ತೀರಿ!" ಎಂದು ಸಲಾಕೆ ಅಲ್ಲೇ ಬಿಟ್ಟು ನನ್ನ ಕಡೆ ಧಾವಿಸಿದ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ನಾಲ್ಕನೆಯ ಹೆಜ್ಜೆಗೆ ನನ್ನ ರಟ್ಟೆ ಹಿಡಿದ. ಅವನ ಬೆನ್ನ ಹಿಂದೆ ಧಸ್ ಎಂದಿತು. ದೊಡ್ಡ ಸದ್ದೇನಲ್ಲ. ಜೋಳದ ಚೀಲ ನೆಲಕ್ಕೆ ಹಾಕಿದಂಥ ಸದ್ದು. ಭಟ್ಟೆವ್ವ ಇರಲಿಲ್ಲ. ಸಲಾಕೆ ಒಂದು ಕ್ಷಣ ನೆಟ್ಟಗೆ ನಿಂತು, ಯಾರೋ ಕೆಳಗಿನಿಂದ ಎಳೆದುಕೊಂಡಂತೆ ಜಾರಿ ಹೋಯಿತು. ಅಲ್ಲಿ ಒಂದು ಕೆಂಪು ಬಾಯಿ. ಹುಸೇನಪ್ಪನ ಹೆಗಲ ಮೇಲಿನ ವಲ್ಲಿಬಟ್ಟೆ ತಾನಾಗಿ ಮೇಲೆದ್ದು, ಗಾಳಿಯಲ್ಲೇ ಹತ್ತಿಕೊಂಡು, ನಮ್ಮ ತಲೆಯ ಮೇಲೆ ಬೂದಿಯಾಯಿತು.

ಹೇಗೆ ಇಳಿದೆವೋ ತಿಳಿಯದು. ಕೆಳಗೆ ಹುಸೇನಪ್ಪ ನೆಲಕ್ಕೆ ಕುಸಿದು ಕೂತು ಬೀಡಿ ಬಾಯಿಗಿಟ್ಟ. ಕಡ್ಡಿ ಗೀರಿದ, ಮುರಿಯಿತು. ಇನ್ನೊಂದು ಗೀರಿದ, ಅದೂ ಮುರಿಯಿತು. ಹುಟ್ಟಿದಾಗಿನಿಂದ ಬೆಂಕಿಯಲ್ಲೇ ಬದುಕಿದ ಮನುಷ್ಯನಿಗೆ ಆ ಹೊತ್ತು ಒಂದು ಬೀಡಿಗೆ ಬೆಂಕಿ ಹಚ್ಚಲಾಗಲಿಲ್ಲ. ಹನುಮವ್ವ ಬಂದು ಹಚ್ಚಿಕೊಟ್ಟಳು.

ಆ ನಾಲ್ಕು ಹೆಜ್ಜೆಗಳನ್ನು ನಾನು ಈಗಲೂ ಎಣಿಸುತ್ತಿರುತ್ತೇನೆ. ಊಟಕ್ಕೆ ಕೂತಾಗ, ಬಸ್ಸಿನ ಸಾಲಿನಲ್ಲಿ ನಿಂತಾಗ. ಮೂರೇ ಹೆಜ್ಜೆ ಹಾಕಿ, "ಏನಾತ್ರಿ ಸಾಹೇಬ್ರ?" ಎಂದು ನಿಂತುಬಿಟ್ಟಿದ್ದರೆ? ನಾನು ಕಿರುಚುವ ಮನುಷ್ಯನಾಗಿರದೆ ನೋವು ನುಂಗುವ ಧೀರನಾಗಿದ್ದರೆ? ದೇವರ ದಯೆ, ನಾನು ಧೀರನಾಗಿರಲಿಲ್ಲ.

ಸಂಜೆಯೊಳಗೆ ಭಟ್ಟಿಯಲ್ಲಿ ಕಥೆ ತಯಾರಾಗಿತ್ತು. "ಸಾಹೇಬ್ರಿಗೆ ಮೊದ್ಲ ಗೊತ್ತಾತು. ಮೈಯಾಗ ಭಟ್ಟೆವ್ವ ಬಂದಿದ್ಲು. ಅಲಾಯಿ ಕುಣದಂಗ ಕುಣದು ಹುಸೇನಪ್ಪನ್ನ ಕರಕೊಂಡ್ರು." ನಾನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಭಟ್ಟಿ ಕುಸಿಯಲು ಕಾರಣನಾದವನೂ ನಾನೇ, ಅದರಿಂದ ಒಬ್ಬನನ್ನು ಉಳಿಸಿದವನೂ ನಾನೇ ಎಂದಾಗ ಜನ ಎರಡನೆಯದನ್ನೇ ಇಟ್ಟುಕೊಂಡರು. ಕಾಗದ ಹೋಗಿ ರಾಯಚೂರಿನ ನಮ್ಮ ಮನೆಯಿಂದ ಸುಮಿತ್ರಾ ಓಡಿಬಂದಳು. ನನ್ನ ಎರಡೂ ಕಾಲಿಗೆ ಕಂಪೌಂಡರ್ ಸುತ್ತಿದ ಪಟ್ಟಿ ನೋಡಿ ಕಣ್ಣೊರೆಸಿಕೊಂಡಳು. ಕುಣಿತದ ಕಥೆ ಕೇಳಿ ಕಣ್ಣು ದೊಡ್ಡದು ಮಾಡಿದಳು. "ನೀವು ಕುಣದ್ರಿ? ಮದುವ್ಯಾಗ ಸಪ್ತಪದಿ ತುಳೀಲಿಕ್ಕೆ ನಾಚಿಕೊಂಡವರು?"

ಮಾನ್ವಿಯಲ್ಲಿ ನನ್ನ ಬಾಡಿಗೆಯ ಕೋಣೆ ಮಾಳಿಗೆಯ ಮೇಲೆ ಇತ್ತು, ಏಣಿ ಹತ್ತಿ ಹೋಗಬೇಕು. ವಾರ ಪೂರ್ತಿ ಕಾಲು ನೆಲಕ್ಕೆ ಊರಬಾರದು ಎಂದು ಕಂಪೌಂಡರ್ ಹೇಳಿದ್ದ. ಹೀಗಾಗಿ ಭಟ್ಟಿಯಲ್ಲೇ ಹುಣಸೆಮರದ ಬುಡಕ್ಕೆ ಹೊರಸು ಹಾಕಿ ನನ್ನನ್ನು ಮಲಗಿಸಿದರು. ಮೇಲೆ ಜೋಳಿಗೆಗಳು, ಕೆಳಗೆ ನಾನು. ಕೂಸುಗಳು ಒದ್ದ ಧೂಳು ನನ್ನ ಮೇಲೆ ಬೀಳುತ್ತಿತ್ತು. ಭಟ್ಟಿ ಕುಸಿದ ಮಾರನೆಯ ದಿನವೇ ಸಾಹುಕಾರರು ಕೊಡಲಿ ಹೊತ್ತ ಇಬ್ಬರನ್ನು ಕರೆದುಕೊಂಡು ಬಂದರು. ಮಾತಿನ ಪ್ರಕಾರ ಭಟ್ಟಿ ಬೇಯಲಿಲ್ಲ, ಗಿಡ ಅವರದು.

"ಸಾಹೇಬ್ರ, ಜರಾ ಎದ್ದು ಅತ್ತಾಗ ಆಗ್ರಿ."

"ಏಳಾಕ ಆಗೂದಿಲ್ರಿ."

"ಏನು, ಸತ್ಯಾಗ್ರಹ ಹೂಡೀರೇನು?"

ಆ ಮಾತು ಕೇಳಿದ ಜನರೆಲ್ಲ ಇಟ್ಟಿಗೆ ಇಳಿಸಿ ಸುತ್ತ ಬಂದು ನಿಂತರು. ಹನುಮವ್ವ ಹೊರಸಿನ ಕಾಲ ಬಳಿ ಕೂತಳು. "ಯಾರು ಎತ್ತತೀರಿ, ಎತ್ರಿ ನೋಡಾಮು" ಎಂದಳು. ನಾಲ್ಕು ಜನ ಹಿಡಿದರೆ ಹೊರಸು ನನ್ನ ಸಮೇತ ಅತ್ತ ಹೋಗುತ್ತಿತ್ತು. ಯಾರೂ ಹಿಡಿಯಲಿಲ್ಲ. ಕೊಡಲಿಯವರು ನೆರಳಲ್ಲಿ ಎಲೆಯಡಿಕೆ ಹಾಕಿಕೊಂಡು, ನೆರಳು ತಂಪಾಗಿದೆ ಎಂದು ಹೇಳಿ, ತಿರುಗಿ ಹೋದರು. ಸಾಹುಕಾರರು, "ನೀವು ಏಳೂ ತನಕ ನೋಡ್ತೀನಿ" ಎಂದು ಹೋದರು.

ಮಲಗಿದ್ದಾಗ ಹುಸೇನಪ್ಪನನ್ನು ಹತ್ತಿರ ಕರೆದು ನಿಜ ಹೇಳಿದೆ. "ಹುಸೇನಪ್ಪಾ, ತಪ್ಪು ನಂದು. ಗೇಣು ಹಾಕಿಸಿದ್ದು ನಾನು. ನಿನ್ನ ಜೀವ ಹೋಗ್ತಿತ್ತು."

"ಗೊತ್ತದ್ರಿ" ಎಂದ. "ಹಾಕೂ ಮುಂದ ನಂಗ ಗೊತ್ತಿತ್ತು. ಓದಿದವ್ರು ಅಂತ ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು. ಇನ್ನೊಮ್ಮಿ ಮುಚ್ಚಂಗಿಲ್ಲ." ಹೊರಸಿನ ಹತ್ತಿರ ಸರಿದು, "ಇನ್ನೊಮ್ಮಿ ಮಾಡೂದದ, ಹೌದಿಲ್ರಿ?" ಎಂದ.

ಆ ಕೆಂಪು ಬಾಯಿ ಕಣ್ಣ ಮುಂದೆ ಬಂತು. ಇಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಮೇಲಿನ ಹಸಿರು ಜೋಳಿಗೆಯಿಂದ ಹನುಮವ್ವನ ಮೊಮ್ಮಗಳ ಪುಟ್ಟ ಕಾಲೊಂದು ಹೊರಗೆ ಬಂದು, ಗಾಳಿಯನ್ನು ಒತ್ತಿ ನೋಡಿ, ಮತ್ತೆ ಒಳಗೆ ಹೋಯಿತು. "ಮಾಡೂದು" ಎಂದೆ.

ದಾರಿ ತೋರಿಸಿದವಳು ಹನುಮವ್ವ. ನನ್ನ ಕಾಲಿಗೆ ಲೋಳಸರ ಹಚ್ಚುತ್ತ, "ಹೊಟ್ಟು ಮಣ್ಣಾಗ ಯಾಕ ಕಲಸಬಾರ್ದು? ನಾವು ಮನ್ಯಾಗ ಒಲಿ ಹಾಕೂ ಮುಂದ ಮಣ್ಣಾಗ ಭತ್ತದ ಹೊಟ್ಟು ಕಲಸಿ ತುಳೀತೀವಿ. ಒಲಿ ಸೀಳಂಗಿಲ್ಲ" ಎಂದಳು. ನಾನು ಎದ್ದು ಕೂತೆ. ಮಣ್ಣಿನೊಳಗೇ ಹೊಟ್ಟು ಇದ್ದರೆ ಇಟ್ಟಿಗೆ ಒಳಗಿನಿಂದಲೂ ಬೇಯುತ್ತದೆ. ಹೊರಗಿನ ಪದರ ನಾಲ್ಕು ಬೊಟ್ಟು ಸಾಕು. ಖಾಲಿ ಜಾಗ ಬೀಳುವುದಿಲ್ಲ. ಮೂರು ವರ್ಷ ನಾನು ಓದಿದ ರಸಾಯನಶಾಸ್ತ್ರ ಆಕೆಯ ಒಲೆಯಲ್ಲಿ ದಿನಾ ಎರಡು ಹೊತ್ತು ಉರಿಯುತ್ತಿತ್ತು.

ಮಲಗಿದ ಐದನೆಯ ದಿನ ಪಟ್ಟಿ ಬಿಚ್ಚಿ ನೋಡಿದೆ. ಗಾಯ ಒಣಗಿತ್ತು. ಯಾರೂ ಇಲ್ಲದಾಗ ನಿಂತು ನೋಡಿದೆ, ನಿಲ್ಲಬಹುದಿತ್ತು. ನಾಲ್ಕು ಹೆಜ್ಜೆ ನಡೆದೂ ನೋಡಿದೆ. ಆಮೇಲೆ ಮತ್ತೆ ಪಟ್ಟಿ ಸುತ್ತಿಕೊಂಡು ಮಲಗಿದೆ. ನನ್ನ ಜೀವನದಲ್ಲಿ ಧೈರ್ಯ ಎಂದು ಕರೆಯಬಹುದಾದ ಕೆಲಸ ಅದೊಂದೇ. ಅದನ್ನೂ ಮಾಡಿದ್ದು ಮಲಗಿಕೊಂಡು.

ಅಷ್ಟರಲ್ಲಿ ಕುಸಿದ ಭಟ್ಟಿ ಆರಿತ್ತು. ಬಿಚ್ಚಿದಾಗ ನಡುವಿನದೆಲ್ಲ ಹುಡಿ. ಆದರೆ ತೆಳ್ಳಗೆ ಹೊಟ್ಟು ಹಾಕಿದ್ದ ಆ ಒಂದು ಮೂಲೆಯ ಇಟ್ಟಿಗೆ ಕೆಂಪಗೆ ಬೆಂದಿತ್ತು. ಹುಸೇನಪ್ಪ ಎರಡು ಇಟ್ಟಿಗೆ ತಂದು ಸಾಹುಕಾರರ ಕಿವಿಯ ಹತ್ತಿರ ಒಂದಕ್ಕೊಂದು ಬಡಿದ. ಗುಡಿಯ ಗಂಟೆಯ ಹಾಗೆ ಠಣ್ ಎಂದಿತು. ಸಾಹುಕಾರರು ತಾವೇ ಇಸಿದುಕೊಂಡು ಮತ್ತೊಮ್ಮೆ ಬಡಿದರು. ಹೂಂ ಎಂದರು, ಹೊರಸಿನ ಮೇಲಿದ್ದ ನನ್ನನ್ನು ನೋಡಿದರು. "ಇನ್ನೊಂದು ಭಟ್ಟಿ. ಅದ ಕಡೇದು" ಎಂದರು. ನಾನು ಸಂತೋಷದಲ್ಲಿ ಎದ್ದು ನಿಂತುಬಿಟ್ಟೆ. "ಕಾಲು ಆರಾಮಾದವೇನ್ರಿ?" ಎಂದರು ಸಾಹುಕಾರರು. ಭಟ್ಟೆವ್ವನ ದಯೆ ಎಂದು ಹನುಮವ್ವ ನನ್ನ ಮಾನ ಕಾಯ್ದಳು.

ಎರಡನೆಯ ಭಟ್ಟಿಗೆ ಹೆಂಗಸರೆಲ್ಲ ಸೇರಿ ಹೊಟ್ಟು ಹಾಕಿ ಮಣ್ಣು ತುಳಿದರು. ಪದರದ ಅಳತೆಯನ್ನು ಹುಸೇನಪ್ಪ ತನ್ನ ನಾಲ್ಕು ಬೊಟ್ಟು ಇಟ್ಟು ಪ್ರತಿ ಸಾಲಿಗೂ ನೋಡಿದ. ನಾನು ಕಾಗದ ತೆಗೆಯಲಿಲ್ಲ. ಕಟ್ಟಿಗೆ ಬುಡದ ಬಾಯಿಗಳಿಗೆ ಮಾತ್ರ. ಅದೂ ಕಾಲುವೆ ದಂಡೆಯ ಒಣ ಜಾಲಿ ಮುಳ್ಳು. ಐದನೆಯ ದಿನ ಬಂತು. ಹುಸೇನಪ್ಪ ಏಣಿಯ ಬುಡದಲ್ಲಿ ಪಾದುಕೆ ಕೈಯಲ್ಲಿ ಹಿಡಿದು ನಿಂತುಬಿಟ್ಟ.

"ನೀವು ಮೊದ್ಲ ಹತ್ರಿ, ಸಾಹೇಬ್ರ."

"ನಾನ್ಯಾಕೋ?"

"ನನ್ನ ಕಾಲು ಕಟ್ಟಿಗಿ ಮ್ಯಾಲ ಇರ್ತಾವ. ಅವಕ್ಕ ಏನೂ ತಿಳಿಯಂಗಿಲ್ಲ. ನಿಮ್ಮ ಕಾಲಿಗಿ ತಿಳೀತದ."

ಇನ್ನು ಸಾಯುವತನಕ ಭಟ್ಟಿ ಹತ್ತುವುದಿಲ್ಲ ಎಂದು ಸುಮಿತ್ರಾಳಿಗೆ ಭಾಷೆ ಕೊಟ್ಟಿದ್ದೆ. ಸುತ್ತ ನೋಡಿದೆ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಎಲ್ಲರೂ ಕಾಲು ನೋಡುತ್ತಿದ್ದರು. ಮರದಲ್ಲಿ ಜೋಳಿಗೆಗಳು ತೂಗುತ್ತಿದ್ದವು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡೆ. ಇನ್ನೊಂದು ತುದಿಯನ್ನು ಹುಸೇನಪ್ಪ ತನ್ನ ಕೈಗೆ ಸುತ್ತಿಕೊಂಡ. ಏಣಿ ಹತ್ತಿ, ಚಪ್ಪಲಿ ಬಿಟ್ಟು, ಬಲಗಾಲಿನ ಹೆಬ್ಬೆರಳಿನಿಂದ ಭಟ್ಟಿಯ ಅಂಚನ್ನು ಒತ್ತಿದೆ. ಹಂಚಿನಿಂದ ತೆಗೆದು ಸ್ವಲ್ಪ ಹೊತ್ತಾದ ರೊಟ್ಟಿಯಷ್ಟು ಬಿಸಿ. ಕುಸಿಯಲಿಲ್ಲ. ಇನ್ನೊಂದು ಕಡೆ ಒತ್ತಿದೆ. ಅಲ್ಲೂ ಅಷ್ಟೇ. ಹಲ್ಲು ಕಟಕಟ ಎನ್ನುತ್ತಿದ್ದವು, ಆದರೆ ಕಾಲು ಮುಂದೆ ಹೋಗುತ್ತಿತ್ತು. ಭಟ್ಟೆವ್ವನ ಹತ್ತಿರದವರೆಗೂ ಹೋಗಿ ಬಂದೆ. ಇಡೀ ಭಟ್ಟಿ ಒಂದು ಗೇಣು, ಮದುಮಗಳು ಹಸೆಗೆ ಕೂತಷ್ಟು ಒಪ್ಪವಾಗಿ ಕುಂತಿತ್ತು.

ಇಟ್ಟಿಗೆ ಠಣ್ ಎಂದವು. ಸಾಹುಕಾರರು ಹುಣಸೆಮರವನ್ನು ಮತ್ತೊಮ್ಮೆ ಬುಡದಿಂದ ತುದಿಯವರೆಗೆ ನೋಡಿ, "ಇರ್ಲಿ ಗಿಡ" ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಹಣ್ಣು ಮಾತ್ರ ನಂದು" ಎಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಈಗ ದೇವದುರ್ಗದವರೂ, ಮಲ್ಲಟದವರೂ ಹೊಟ್ಟಿನ ಭಟ್ಟಿ ಹಾಕುತ್ತೇವೆ ಬನ್ನಿ ಎಂದು ಕರೆಯುತ್ತಾರೆ. ನಾನು ಹೋಗಿ ಮಣ್ಣಿನ ಹದ, ನಾಲ್ಕು ಬೊಟ್ಟಿನ ಪದರ, ಸೊಂಟದ ಹಗ್ಗ ಎಲ್ಲ ಬಿಡಿಸಿ ಹೇಳುತ್ತೇನೆ. ಭಟ್ಟಿಯ ಹೊಗೆ ಇದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೆ ಮರ ಉಳಿಯುತ್ತದೆ ಎಂದು ಇದ್ದುದನ್ನು ಇದ್ದ ಹಾಗೆ ಹೇಳುತ್ತೇನೆ. ಅವರು ಸೌಜನ್ಯದಿಂದ ಕೇಳಿ ತಲೆಯಾಡಿಸುತ್ತಾರೆ. ಕೊನೆಗೆ ಒಬ್ಬ ಹಿರಿಯರು ಮೆಲ್ಲಗೆ ಕೇಳುತ್ತಾರೆ: "ಅದೆಲ್ಲಾ ಖರೇರಿ. ನೀವು ಕುಣಿಯೂದು ಯಾವ ದಿನ?" ಮೊದಮೊದಲು ಸಿಟ್ಟು ಬರುತ್ತಿತ್ತು. ಅದು ಕುಣಿತವಲ್ಲ, ಸುಟ್ಟ ಗಾಯ ಎಂದು ವಾದಿಸುತ್ತಿದ್ದೆ. ಆಮೇಲೆ ತಿಳಿಯಿತು: ನಾನು ಕಾಲಿಡದಿದ್ದರೆ ಅವರು ಹೊಟ್ಟು ಹಾಕುವುದಿಲ್ಲ, ಹೊಟ್ಟು ಹಾಕದಿದ್ದರೆ ಊರಿನ ಒಂದು ಮರ ಹೋಗುತ್ತದೆ. ಈಗ ಸುಮ್ಮನೆ ಹತ್ತುತ್ತೇನೆ. ಬಂದವರಿಗೆ ನಿರಾಶೆಯಾಗಬಾರದೆಂದು ಇಳಿಯುವ ಮೊದಲು ಎರಡು ಸಲ ಕಾಲನ್ನು ಸ್ವಲ್ಪ ಎತ್ತರಕ್ಕೇ ಎತ್ತುತ್ತೇನೆ. ಭಟ್ಟಿಗೆ ವಿಜ್ಞಾನ ಕಲಿಸಲು ಹೋದವನು ಭಟ್ಟಿಯ ಶಾಸ್ತ್ರಗಳಲ್ಲಿ ಒಂದಾಗಿ ಕೂತಿದ್ದೇನೆ.

ಇವತ್ತು ಬೆಳಿಗ್ಗೆ ಹುಸೇನಪ್ಪ ಯಾರಿಂದಲೋ ಬರೆಸಿದ ಕಾರ್ಡು ಬಂತು. "ಚಂದ್ರಬಂಡದಾಗ ಭಟ್ಟಿ ತಯಾರದ. ಬಾಜೂಕ ಎರಡು ಬೇವಿನಗಿಡ ಅದಾವ, ಕಡೀತೀವಿ ಅಂತ ನಿಂತಾರ. ಗುರುವಾರ ಬರ್ರಿ. ಕಾಲು ಜ್ವಾಕಿ." ಸುಮಿತ್ರಾ ಓದಿ ನನ್ನ ಚೀಲಕ್ಕೆ ಕೊಬ್ಬರಿ ಎಣ್ಣೆಯ ಬಾಟಲಿ ಹಾಕಿದಳು. ನಾನು ಬಸ್ಸಿನ ಹೊತ್ತು ಕೇಳಿ ಬರಲು ಹೊರಟು, ಬಾಗಿಲ ಮುಂದಿನ ಕಟ್ಟೆಗೆ ಇಳಿಯುವ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿದೆ.

"ಅದು ನಮ್ಮನಿ ಕಟ್ಟೀರಿ!" ಎಂದಳು ಸುಮಿತ್ರಾ ಒಳಗಿನಿಂದ. "ನೀವ ಸುಟ್ಟ ಇಟ್ಟಂಗೀದು!"

"ಅದಕ್ಕ ನೋಡ್ಲಿಕತ್ತೀನಿ" ಎಂದೆ.